ರಾತ್ರಿ ಪಾಳಿಯವಳ ಬೆಳಗಿನ ಕಾಲೇಜು

ಮೊದಲ ದಿನ ಇತಿಹಾಸದ ಮೇಷ್ಟ್ರು ಪಾಠ ಶುರು ಮಾಡಲಿಲ್ಲ. ಮೇಜಿನ ಅಂಚಿಗೆ ಒರಗಿ ನಿಂತು, ಕಾಲೇಜಿಗೆ ಯಾಕೆ ಬಂದಿರಿ, ಒಬ್ಬೊಬ್ಬರಾಗಿ ಹೇಳಿ ಎಂದರು. ಮುಂದಿನ ಬೆಂಚಿನವರು ಎದ್ದೆದ್ದು ಆಫೀಸರಾಗಬೇಕು, ಟೀಚರಾಗಬೇಕು ಎಂದು ಒಪ್ಪಿಸಿದರು. ನಾನು ಜ್ಞಾನ ಸಂಪಾದನೆಗೆ ಎಂದೆ. ಮನೆಯಲ್ಲಿ ಕೂತರೆ ಗಂಡು ಹುಡುಕಲು ಶುರು ಮಾಡುತ್ತಾರೆ ಎಂದು ಹೇಳುವ ಧೈರ್ಯ ಇರಲಿಲ್ಲ.

ನನ್ನ ಪಕ್ಕದಲ್ಲಿದ್ದವಳು ಎದ್ದಳು. ನಮಗಿಂತ ಹದಿನೈದು ವರ್ಷವಾದರೂ ದೊಡ್ಡವಳು. ಬಿಗಿಯಾಗಿ ಹಿಂದಕ್ಕೆ ಕಟ್ಟಿದ ಕೂದಲು, ಮೈಯಲ್ಲಿ ಫಿನಾಯಿಲಿನ ವಾಸನೆ.

"ರಾತ್ರಿ ಮಲಗೋಕೆ ಸಾರ್," ಎಂದಳು.

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಅವಳ ಮುಖ ಬದಲಾಗಲಿಲ್ಲ. ನಗು ಮುಗಿಯುವವರೆಗೆ, ನಲ್ಲಿಯ ಕೆಳಗೆ ಬಕೆಟ್ ತುಂಬುವುದನ್ನು ಕಾಯುವವಳ ಹಾಗೆ ನಿಂತಿದ್ದಳು.

"ದೊಡ್ಡಾಸ್ಪತ್ರೇಲಿ ಆಯಾ ನಾನು. ಸೇರಿದಾಗಿಂದ ನೈಟ್ ಡ್ಯೂಟಿನೇ. ಕೆಳಗಡೆ ಚೀಟಿ ಕೊಡೋ ಕೌಂಟರಿಗೆ ಡಿಗ್ರಿ ಇದ್ರೆ ಹಾಕ್ತಾರಂತೆ. ಅಲ್ಲಿ ಹಗಲು ಕೆಲಸ. ಅದಕ್ಕೆ ಬಂದೆ."

"ಡಿಗ್ರಿ ಮುಗಿಯೋಕೆ ವರ್ಷಗಟ್ಟಲೆ ಬೇಕಲ್ಲಮ್ಮಾ. ಅಲ್ಲೀವರೆಗೆ?"

"ಅಲ್ಲೀವರೆಗೆ ಇಲ್ಲೇ ಸಾರ್, ಸ್ವಲ್ಪ ಸ್ವಲ್ಪ."

ಈ ಸಲ ಮೇಷ್ಟ್ರೂ ನಕ್ಕರು. ಅಂದಿನಿಂದ ಹುಡುಗರ ಬಾಯಲ್ಲಿ ಅವಳ ಹೆಸರು ನೈಟ್ ಡ್ಯೂಟಿ. ನಾನು ಅಕ್ಕ ಎನ್ನುತ್ತಿದ್ದೆ.

ಆಸ್ಪತ್ರೆ ಇರುವುದು ಇಳಿಜಾರಿನ ಕೆಳಗೆ, ಕಾಲೇಜು ಮೇಲೆ. ಬೆಳಗಿನ ಪಾಳಿಯವರು ಬಂದ ಮೇಲೆ ಅಕ್ಕ ಸೀರೆ ಬದಲಿಸಿ, ಮುಖಕ್ಕೆ ನೀರು ಹಾಕಿಕೊಂಡು, ಏರು ಹತ್ತಿ ಬರುತ್ತಿದ್ದಳು. ಹಿಂದಿನ ಮೆಟ್ಟಿಲ ಮೇಲೆ ಕೂತು ಚಹಾದಲ್ಲಿ ಬ್ರೆಡ್ ಅದ್ದಿ ತಿನ್ನುವಳು. ಅರ್ಧ ತಿನ್ನುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಮನೆಗೆ ಹೋದರೂ ನಿದ್ದೆ ಅಷ್ಟಕ್ಕಷ್ಟೆ. ಅಣ್ಣನ ವೆಲ್ಡಿಂಗ್ ಅಂಗಡಿಯ ಮೇಲಿನ ಒಂಟಿ ಕೋಣೆ ಅವಳದು. ಕೆಳಗೆ ಕಬ್ಬಿಣ ಉಜ್ಜುವ ಯಂತ್ರ ಕಿರುಚಿದಾಗ ಮಂಚದ ಕಾಲುಗಳು ಗುಂಯ್‌ಗುಡುತ್ತವಂತೆ. ಹಗಲು ಪಾಳಿ ಕೇಳಲು ಹೋದಾಗಲೆಲ್ಲ ಹೆಡ್ ನರ್ಸ್, "ಮಕ್ಕಳಿಲ್ಲ ಮರಿಯಿಲ್ಲ, ನಿಂಗೇನವಸರ? ಸಂಸಾರ ಇರೋರಿಗೆ ಮೊದಲು," ಎಂದು ಕಳಿಸುತ್ತಿದ್ದರು.

ಕ್ಲಾಸಿನಲ್ಲಿ ಅವಳನ್ನು ಎಚ್ಚರವಾಗಿಡುವ ಕೆಲಸ ನನಗೆ ಬಿತ್ತು. ಮೊಣಕೈಯಿಂದ ತಿವಿದರೆ ಏಳುತ್ತಿದ್ದಳು, ಮತ್ತೆ ಜಾರುತ್ತಿದ್ದಳು. ಒಂದು ದಿನ ನಾನೂ ಕಿಟಕಿಯಾಚೆ ನೋಡುತ್ತ ಮೈಮರೆತಿದ್ದೆ. ಮೇಷ್ಟ್ರಿಗೆ ಒಣಕೆಮ್ಮು ಹತ್ತಿತು, ನಿಲ್ಲಲೇ ಇಲ್ಲ. ಅಕ್ಕ ನಿದ್ದೆಗಣ್ಣಲ್ಲೇ ಎದ್ದಳು. ಬೆಂಚುಗಳ ನಡುವೆ ಸರಸರನೆ ನಡೆದು ವೇದಿಕೆ ಹತ್ತಿ, ಒಂದು ಕೈಯಿಂದ ಮೇಷ್ಟ್ರ ಭುಜ ಹಿಡಿದು ಇನ್ನೊಂದರಿಂದ ಬೆನ್ನು ನೀವತೊಡಗಿದಳು.

"ಸ್ವಲ್ಪ ಮುಂದಕ್ಕೆ ಬಗ್ಗಿ ಅಜ್ಜಾ. ಉಗೀಬೇಕಾ? ತಡೀರಿ, ಟ್ರೇ ತಂದೆ."

ಮೇಷ್ಟ್ರು ತಲೆಗೆ ಬಣ್ಣ ಹಚ್ಚುತ್ತಿದ್ದವರು. ಅಜ್ಜಾ ಎಂದಾಗ ಕೆಮ್ಮು ಗಕ್ಕನೆ ನಿಂತಿತು. ಹುಡುಗರು ಬೆಂಚು ಬಡಿದರು. ಅಕ್ಕ ಆಗ ಕಣ್ಣು ಬಿಟ್ಟು, ಸುತ್ತ ನೋಡಿ, ಕೈಯನ್ನು ಕೆಂಡ ಮುಟ್ಟಿದವಳಂತೆ ಹಿಂತೆಗೆದಳು. ಅವತ್ತೇ ಕಾಲೇಜು ಬಿಡುತ್ತೇನೆಂದು ಮೆಟ್ಟಿಲ ಮೇಲೆ ಅತ್ತಳು. ಮರುದಿನ ಮೇಷ್ಟ್ರು ಅವಳನ್ನು ಗೋಡೆ ಪಕ್ಕದ ಬೆಂಚಿಗೆ ಕಳಿಸಿದರು. "ಒರಗಿಕೊಳ್ಳೋಕೆ ಅನುಕೂಲ," ಎಂದರು. "ನನಗೂ ಕ್ಷೇಮ." ನಾನೂ ಜೊತೆಗೆ ಹೋದೆ.

ಚಳಿ ಶುರುವಾದ ಹೊತ್ತಿಗೆ, ಒಂದು ಬೆಳಿಗ್ಗೆ ಅಕ್ಕ ಬ್ರೆಡ್ಡು ಬಿಚ್ಚದೆ ಮೆಟ್ಟಿಲ ಮೇಲೆ ಕೂತಿದ್ದಳು.

"ಹಗಲು ಡ್ಯೂಟಿ ಸಿಕ್ತು," ಎಂದಳು. "ಕೆಳಗಿನ ಹಳೇ ಆಯಾ ರಿಟೈರಾದಳು. ಈಗ ಎಲ್ಲರಿಗಿಂತ ಹಳಬಳು ನಾನೇ ಅಂತೆ."

"ಡಿಗ್ರಿ ಇಲ್ಲದೇನಾ? ಅಕ್ಕಾ, ಲಾಟ್ರಿ ಹೊಡೀತಲ್ಲ ನಿಮಗೆ!"

"ಕೌಂಟರಲ್ಲ ಮಾರಾಯ್ತಿ. ಗಾಲಿ ಕುರ್ಚಿ ತಳ್ಳೋದೇ. ಆದ್ರೆ ಹಗಲು. ಬೆಳಗ್ಗೆ ಹೋದ್ರೆ ಸಂಜೆಗೆ ಮನೆ."

ಬೆಳಗ್ಗೆ ಎಂದ ಮೇಲೆ ನನಗೆ ಹೊಳೆಯಿತು. ನಮ್ಮ ಕಾಲೇಜು ನಡೆಯುವುದೇ ಬೆಳಗ್ಗೆ.

ಮನೆಯಲ್ಲಿ ಎಲ್ಲರಿಗೂ ಖುಷಿಯಂತೆ. ಇನ್ನಾದರೂ ಮನುಷ್ಯರ ಹಾಗೆ ರಾತ್ರಿ ಮಲಗಿ ಬೆಳಗ್ಗೆ ಏಳ್ತೀಯ ಎಂದು ಅತ್ತಿಗೆ ಹೊಸ ಹೊದಿಕೆ ತೆಗೆದುಕೊಟ್ಟಳಂತೆ. "ಬೇಕಾಗಿದ್ದು ಸಿಕ್ತಲ್ಲ, ಇನ್ನೇನು ಆ ಮಕ್ಕಳ ಜೊತೆ ಬೆಂಚು ಕಾಯೋದು?" ಎಂದು ಅಣ್ಣ. ಅವನು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಅವಳು ಬಂದದ್ದು ರಾತ್ರಿ ಮಲಗಲು. ರಾತ್ರಿ ಸಿಕ್ಕಿತ್ತು.

ಮರುದಿನದಿಂದ ಗೋಡೆ ಪಕ್ಕ ನಾನೊಬ್ಬಳೇ. ಮೇಷ್ಟ್ರು ಪಾಠದ ನಡುವೆ ಆ ಕಡೆ ನೋಡಿ, ಕೆಮ್ಮು ಬಂದರೆ ಅಂಗೈ ಅಡ್ಡ ಹಿಡಿದು ಮುಗಿಸುತ್ತಿದ್ದರು. ಹುಡುಗರಿಗೂ ಬೇಜಾರು; ಅಣಕಿಸಲು ಇನ್ಯಾರೂ ಅಷ್ಟು ಹೇಳಿಮಾಡಿಸಿದಂತಿರಲಿಲ್ಲ. ಗೋಡೆಯಲ್ಲಿ ಅವಳ ತಲೆ ತಾಗುತ್ತಿದ್ದಲ್ಲಿ ಸುಣ್ಣ ಎಣ್ಣೆಗಟ್ಟಿತ್ತು. ನನಗೆ ಕೋಪ ಬರುತ್ತಿತ್ತು, ಯಾರ ಮೇಲೆಂದು ತಿಳಿಯುತ್ತಿರಲಿಲ್ಲ.

ಕೆಲವು ವಾರಗಳಾದ ಮೇಲೆ ಅವಳು ಬಂದಳು. ರಜೆಯಿರಬೇಕು, ನೋಡಿಕೊಂಡು ಹೋಗಲು ಬಂದಿದ್ದಾಳೆ ಎಂದುಕೊಂಡೆ. ಕಣ್ಣ ಕೆಳಗಿನ ಕಪ್ಪು ತಿಳಿಯಾಗಿತ್ತು, ಕೆನ್ನೆ ತುಂಬಿಕೊಂಡಿತ್ತು. ನನ್ನ ಪಕ್ಕ ಕೂತಳು. ಪಾಠ ಮುಗಿದ ಮೇಲೆ ಮೆಟ್ಟಿಲಿಗೆ ಹೋದೆವು.

"ಡ್ಯೂಟಿ ಬದಲಾಯಿಸಿಕೊಂಡೆ," ಎಂದಳು. "ಕೂಸಿರೋಳೊಬ್ಬಳು ಹಗಲು ಸಿಕ್ಕೀತಾ ಅಂತ ಅಳ್ತಿದ್ದಳು. ಅವಳಿಗೆ ಕೊಟ್ಟೆ. ಅವಳ ನೈಟು ನಂಗೆ. ಇನ್ನು ಕೇಳಿದ್ರೂ ಹಗಲು ಕೊಡಲ್ಲ ಅಂತ ಹೆಡ್ ನರ್ಸು ಕಡ್ಡಿ ಮುರಿದ ಹಾಗೆ ಹೇಳಿದಾರೆ."

"ಆ ಕೂಸಿಗೋಸ್ಕರ ಬಿಟ್ಟುಕೊಟ್ರಾ?"

"ಆಸ್ಪತ್ರೆ ಪೂರ್ತಿ ಹಂಗೇ ಅಂದ್ಕೊಂಡಿದೆ. ಕೈಮುಗಿಯೋದೊಂದು ಬಾಕಿ. ತ್ಯಾಗವೂ ಇಲ್ಲ ಮಣ್ಣೂ ಇಲ್ಲ. ನಂಗೆ ಬೇಕಿತ್ತು, ಅದಕ್ಕೆ ಬದಲಾಯಿಸಿದೆ."

"ಯಾಕಕ್ಕಾ? ನಿದ್ದೆ ಬರಲಿಲ್ವಾ?"

"ಅಯ್ಯೋ, ಬಂತು. ಸತ್ತವಳ ಹಾಗೆ ಮಲಗಿದೆ. ಅಣ್ಣ ಬಂದು ಮೂಗಿನ ಹತ್ತಿರ ಕೈ ಇಟ್ಟು ನೋಡಿದ್ನಂತೆ."

ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಹೇಳಲು ಹೋಗಿ ಎರಡು ಸಲ ಬಿಟ್ಟಳು.

"ನೋಡು, ಅಲ್ಲಿ ನನ್ನನ್ನ ದಿನವಿಡೀ ಕರೀತಾರೆ. ಆಯಾ, ಇಲ್ಲಿ ಬಾ. ಆಯಾ, ಕುರ್ಚಿ ತಾ. ಆಯಾ, ಇಲ್ಲಿ ಒರೆಸು. ಮನೆಗೆ ಹೋದ್ರೆ ಅತ್ತಿಗೆ ಕರೀತಾಳೆ. ಪಾಪ, ಒಳ್ಳೇವಳೇ, ಆದ್ರೂ ಏನೋ ಒಂದು ಬೇಕಾಗಿರುತ್ತೆ. ಇಲ್ಲಿ ಮೇಷ್ಟ್ರು ಹಾಜರಿ ಕರೀತಾರಲ್ಲ... ಅದು ಇದೀನಾ ಅಂತ ಕೇಳೋಕಷ್ಟೇ. ಇದೀನಿ ಸಾರ್ ಅಂದ್ರೆ ಮುಗೀತು. ಮುಂದಿನೋರನ್ನ ಕರೀತಾರೆ. ನಾನು ಎದ್ದು ಏನೂ ತರಬೇಕಾಗಿಲ್ಲ."

ಅವಳಿಗೇ ನಾಚಿಕೆಯಾಯಿತೇನೋ, "ಇದನ್ನ ಅಣ್ಣನ ಮುಂದೆ ಹೇಳಿದ್ರೆ ಇವಳಿಗೆ ತಲೆ ಕೆಟ್ಟಿದೆ ಅಂತಾನೆ," ಎಂದು ನಕ್ಕಳು. "ಅದಕ್ಕೆ ಡಿಗ್ರಿ ಆದ್ರೆ ಕೌಂಟರ್ ಸಿಗುತ್ತೆ ಅಂತಾನೇ ಹೇಳಿದೀನಿ. ಹೇಳೋಕೆ ಒಂದು ಕಾರಣ ಇರಲಿ."

ಎರಡನೆಯ ವರ್ಷಕ್ಕೆ ಬಂದಿದ್ದೇವೆ. ಅವಳು ಒಂದು ವಿಷಯದಲ್ಲಿ ಫೇಲು, ಮತ್ತೆ ಕಟ್ಟಿದ್ದಾಳೆ. ಇನ್ನೂ ಪಾಠದ ನಡುವೆ ತಲೆ ವಾಲುತ್ತದೆ. ಆದರೆ ಹಾಜರಿ ಕರೆಯುವಾಗ ಎಂದೂ ತೂಕಡಿಸುವುದಿಲ್ಲ. ತನ್ನ ಸರದಿ ಮುಗಿದ ಮೇಲೆಯೇ ಗೋಡೆಗೆ ಒರಗುತ್ತಾಳೆ. ನಾನೀಗ ತಿವಿಯುವುದನ್ನು ಬಿಟ್ಟಿದ್ದೇನೆ.

ಪಾಳಿ ಬದಲಾಯಿಸಿಕೊಂಡ ಆ ಹುಡುಗಿ ದಿನಾ ಬೆಳಿಗ್ಗೆ ಆಸ್ಪತ್ರೆಯ ಗೇಟಿನಲ್ಲಿ ಎದುರಾಗುತ್ತಾಳಂತೆ. ಮಿಂದು, ತಲೆ ಬಾಚಿ, ಇಸ್ತ್ರಿ ಸೀರೆಯುಟ್ಟು, "ನಿಮ್ಮಿಂದ ನನ್ನ ಮಗು ಉಳೀತು ಅಕ್ಕಾ," ಎನ್ನುತ್ತಾಳಂತೆ.

"ಹೊಟ್ಟೆ ಉರಿಯುತ್ತೆ ಕಣೇ," ಎಂದಳು ಮೊನ್ನೆ, ಏರು ಹತ್ತಿ ಬಂದು ಏದುಸಿರು ಬಿಡುತ್ತ. "ಒಂದೊಂದು ದಿನ, ವಾಪಸ್ ಕೊಡೇ ಅಂತ ಕೇಳಿಬಿಡೋಣ ಅನ್ಸುತ್ತೆ. ಕೊಡ್ತಾಳೆ, ಪಾಪದವಳು. ಅದಕ್ಕೇ ನಾನು ಬಾಯಿ ಬಿಡೋ ಮುಂಚೆ ಬೇಗ ಬೇಗ ದಾಟಿಬಿಡ್ತೀನಿ."