ನೂರಿಪ್ಪತ್ತನೇ ಪ್ಯಾನೆಲ್ಲಿನ ಅಶ್ವತ್ಥಮ್ಮ

ಕುಂದಾಣದ ಕಡೆಯ ಆ ಪದವಿ ಕಾಲೇಜಿನಲ್ಲಿ ಅಶ್ವತ್ಥಮ್ಮ ಬಾರಿಸದ ಗಂಟೆಯಿಲ್ಲ, ಒರೆಸದ ಬೆಂಚಿಲ್ಲ. ಕಾಲೇಜು ಶುರುವಾದ ವರ್ಷ ದಿನಗೂಲಿಗೆ ಸೇರಿದವಳು, ಆಮೇಲೆ ಅಟೆಂಡರ್ ಆಗಿ ಇಪ್ಪತ್ತೆರಡು ವರ್ಷ ಅಲ್ಲೇ ಸವೆದಿದ್ದಳು. ಅವಳು ಸೇರಿದಾಗ ಸುತ್ತ ದ್ರಾಕ್ಷಿ ತೋಟ, ರಾಗಿ ಹೊಲ. ವಿಮಾನ ನಿಲ್ದಾಣ ಬಂದ ಮೇಲೆ ಎಲ್ಲಿ ನೋಡಿದರೂ ಲೇಔಟಿನ ಕಲ್ಲುಗಳು. ತಲೆಯ ಮೇಲೆ ವಿಮಾನ ಹಾದಾಗ ಮೇಷ್ಟ್ರುಗಳು ಅರ್ಧ ವಾಕ್ಯಕ್ಕೆ ಪಾಠ ನಿಲ್ಲಿಸಿ, ಸದ್ದಡಗಿದ ಮೇಲೆ ಉಳಿದರ್ಧ ಹೇಳುವುದು ರೂಢಿಯಾಗಿತ್ತು.

ಏಳನೇ ಕ್ಲಾಸಿನವರೆಗೆ ಓದಿದ್ದ ಅಶ್ವತ್ಥಮ್ಮ ನೋಟಿಸ್ ಬೋರ್ಡಿಗೆ ಬಂದದ್ದನ್ನೆಲ್ಲ ತಾನೇ ಚುಚ್ಚಿ, ಯಾರೂ ಇಲ್ಲದಾಗ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಅಷ್ಟು ವರ್ಷದಲ್ಲಿ ಆ ಬೋರ್ಡಿನ ಮೇಲೆ ಅವಳ ಹೆಸರು ಒಮ್ಮೆಯೂ ಬಂದಿರಲಿಲ್ಲ. ಅದೊಂದು ದೊಡ್ಡ ಕೊರಗೇನೂ ಆಗಿರಲಿಲ್ಲ. ಕೊರಗೇ ಇರಲಿಲ್ಲ ಅಂದರೆ ಮಾತ್ರ ಸುಳ್ಳಾಗುತ್ತದೆ.

ಎರಡು ಸಾವಿರದ ಹದಿನೆಂಟರಲ್ಲಿ ಪ್ರಿನ್ಸಿಪಾಲರ ತಲೆಗೆ ಸೋಲಾರ್ ಹೊಕ್ಕಿತು. ಕಂಪ್ಯೂಟರ್ ಲ್ಯಾಬು, ಬೋರ್‌ವೆಲ್ ಮೋಟಾರು ಸೇರಿ ಕರೆಂಟ್ ಬಿಲ್ಲು ಕಾಲೇಜನ್ನು ಹಿಂಡುತ್ತಿತ್ತು. ತಾರಸಿ ತುಂಬ ಪ್ಯಾನೆಲ್ ಹಾಕಲು ಇಪ್ಪತ್ತೊಂದು ಲಕ್ಷ ಬೇಕು. ಬ್ಯಾಂಕು ಒಂಬತ್ತು ಲಕ್ಷದ ಮೇಲೆ ಒಂದು ಪೈಸೆ ಕೊಡುವುದಿಲ್ಲ ಎಂದಿತು. ಟ್ರಸ್ಟಿನವರು ಕೈಯೆತ್ತಿಬಿಟ್ಟರು. ಉಳಿದ ಹನ್ನೆರಡು ಲಕ್ಷವನ್ನು ಕಾಲೇಜಿನ ಸಿಬ್ಬಂದಿ, ಹಳೆಯ ವಿದ್ಯಾರ್ಥಿಗಳು ಹತ್ತು ಹತ್ತು ಸಾವಿರದ ಪಾಲು ಹಾಕಿ ಕೂಡಿಸುವುದು, ಬಿಲ್ಲಿನಲ್ಲಿ ಉಳಿದದ್ದರಲ್ಲಿ ಸಾಲದ ಕಂತು ಕಳೆದು ಮಿಕ್ಕದ್ದನ್ನು ಎಲ್ಲರಿಗೂ ಸಮನಾಗಿ ಹಂಚುವುದು ಎಂದು ಪ್ರಿನ್ಸಿಪಾಲರು ಉಪಾಯ ಹೂಡಿದರು. ಕೇಳಲಿಕ್ಕೆ ಚೆನ್ನಾಗಿತ್ತು. ಒಂದು ತಿಂಗಳು ಕಳೆದರೂ ಒಬ್ಬರೂ ಕಾಸು ಬಿಚ್ಚಲಿಲ್ಲ.

ಕಾರಣ ಹೊಳೆದದ್ದು ಆಫೀಸ್ ಸೂಪರಿಂಟೆಂಡೆಂಟ್ ಮುನಿಸ್ವಾಮಿಗೆ. ಅವನು ಭಾನುವಾರ ಬಂತೆಂದರೆ ಗಿರಾಕಿಗಳಿಗೆ ಸೈಟು ತೋರಿಸುವ ಆಸಾಮಿ.

“ಪಾಲು ಗೀಲು ಅಂದ್ರೆ ನಮ್ ಜನ ಕಾಸು ಹಾಕಲ್ಲ ಸಾರ್. ನಂಬರ್ ಕೊಟ್ಟು ನೋಡಿ” ಎಂದ.

ಗ್ರಾಫ್ ಹಾಳೆಯ ಮೇಲೆ ತಾರಸಿಯನ್ನು ಥೇಟ್ ಲೇಔಟಿನ ನಕ್ಷೆಯ ಹಾಗೆ ಬರೆದ. ಒಂದರಿಂದ ನೂರಿಪ್ಪತ್ತರವರೆಗೆ ಚೌಕಗಳು, ಪೂರ್ವಕ್ಕೊಂದು ಬಾಣದ ಗುರುತು. ಅದನ್ನು ಗೋಡೆಗೆ ತೂಗುಹಾಕಿದ್ದೇ ತಡ, ಜನ ಮುಗಿಬಿದ್ದರು. ಕನ್ನಡದ ಚೈತ್ರ ಮೇಡಂಗೆ ಒಂಬತ್ತನೇ ನಂಬರು ಬೇಕಿತ್ತು, ಸಿಗದೆ, ಕೂಡಿದರೆ ಒಂಬತ್ತೇ ಬರುವ ಹದಿನೆಂಟಕ್ಕೆ ಸಮಾಧಾನ ಮಾಡಿಕೊಂಡರು. ಪ್ಯಾನೆಲ್ಲುಗಳೆಲ್ಲ ದಕ್ಷಿಣಕ್ಕೇ ಮುಖ ಮಾಡಿರುತ್ತವೆ ಎಂಬುದು ಭೌತಶಾಸ್ತ್ರದ ಆನಂದ್ ಮೇಷ್ಟ್ರಿಗೆ ಬೇರೆ ಯಾರಾದರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಅವರು ಪೂರ್ವದ ಅಂಚಿನದೇ ಆಗಬೇಕೆಂದು ಹಟ ಹಿಡಿದು, ಕೊನೆಯ ಸಾಲಿನ ನೂರಾ ಒಂಬತ್ತನ್ನು ಬರೆಸಿಕೊಂಡರು. ಓದಿಗೂ ನಂಬಿಕೆಗೂ ನಮ್ಮ ಕಡೆ ಬೇರೆ ಬೇರೆ ಜೇಬು. ಒಂಬತ್ತು ದಿನದಲ್ಲಿ ನೂರಾ ಹತ್ತೊಂಬತ್ತು ಖಾಲಿಯಾದವು.

ಉಳಿದ ಒಂದಕ್ಕೆ ಮುನಿಸ್ವಾಮಿ ಅಶ್ವತ್ಥಮ್ಮನನ್ನು ಕರೆದ.

“ಮೂಲೆದು ಕಣಮ್ಮ. ಎಷ್ಟು ಜನ ಕೇಳಿದ್ರೂ ಕೊಡದೆ ನಿಂಗೇ ಅಂತ ಇಟ್ಟಿದ್ದೆ.”

ಮೂಲೆ ಸೈಟಿಗೆ ಎಷ್ಟು ಬೆಲೆ ಎಂದು ಆ ಸೀಮೆಯ ಮಕ್ಕಳಿಗೂ ಗೊತ್ತು. ಆ ಹತ್ತು ಸಾವಿರಕ್ಕೆ ಅಶ್ವತ್ಥಮ್ಮ, ಪಾಪಕ್ಕನ ಬಳಿ ತಿಂಗಳು ತಿಂಗಳು ಕಟ್ಟುತ್ತಿದ್ದ ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತಿದಳು. ಗಂಡ ಜವರಪ್ಪ ನರ್ಸರಿಯಲ್ಲಿ ಗಿಡಕ್ಕೆ ನೀರು ಹಾಯಿಸುವವನು. ಅವನಿಗೆ ಇದು ತಲೆಬುಡ ತಿಳಿಯಲಿಲ್ಲ.

“ಅದುಕ್ಕೆ ಖಾತೆ ಆಯ್ತದೇನಮ್ಮಿ? ಪಾಣೀಲಿ ಬತ್ತದಾ?”

“ಬೋರ್ಡ್ ಮ್ಯಾಲೆ ಬತ್ತದೆ” ಎಂದಳು ಅಶ್ವತ್ಥಮ್ಮ.

ಬಂತು ಕೂಡ. ಪಾಲುದಾರರ ಪಟ್ಟಿಯ ಕೊನೆಯಲ್ಲಿ, ಮೇಷ್ಟ್ರುಗಳ ಹೆಸರಿನ ಕೆಳಗೆ, ಅವರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ‘ಅಶ್ವತ್ಥಮ್ಮ, ೧೨೦’. ತಾನೇ ಗುಂಡುಪಿನ್ನು ಚುಚ್ಚಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಳು. ಅವತ್ತು ಅವಳಿಗಾದ ಸಂತೋಷಕ್ಕೆ ಪಾರವೇ ಇರಲಿಲ್ಲ. ಮಧ್ಯಾಹ್ನದ ಗಂಟೆಯನ್ನು ಐದು ನಿಮಿಷ ಮುಂಚೆಯೇ ಹೊಡೆದುಬಿಟ್ಟಳು.

ಪ್ಯಾನೆಲ್ ಕೂರಿಸಿದ ಮೇಲೆ ಗೊಂದಲ ಶುರುವಾಯಿತು. ನೂರಿಪ್ಪತ್ತರ ಪಕ್ಕಕ್ಕೇ, ಪಡುವಲಿಗೆ, ನೀರಿನ ಟ್ಯಾಂಕು. ಮಧ್ಯಾಹ್ನ ಎರಡಾಗುತ್ತಲೂ ಅದರ ನೆರಳು ಮೆಲ್ಲಗೆ ಬಂದು ಅಶ್ವತ್ಥಮ್ಮನ ಪ್ಯಾನೆಲ್ಲಿನ ಮೇಲೆ ಕೂರುತ್ತಿತ್ತು. ಪಕ್ಕದ ನೂರಾ ಹತ್ತೊಂಬತ್ತಕ್ಕೆ ಪೂರ್ತಿ ಬಿಸಿಲು. ಅವಳು ಮುನಿಸ್ವಾಮಿಯ ಮುಂದೆ ಹೋಗಿ ನಿಂತಳು.

“ಸಾರ್, ನಂದರ ಮ್ಯಾಲೆ ನೆಳ್ಳು ಬತ್ತದೆ.”

“ನೆಳ್ಳಾದ್ರೆ ಒಳ್ಳೇದೇ ಕಣಮ್ಮ. ಬಿಸಿಗೆ ಪ್ಯಾನೆಲ್ ಬೇಗ ಹಾಳಾಗ್ತವೆ. ನಿಂದು ತಣ್ಣಗಿದ್ದು ಎಲ್ರದಕ್ಕಿಂತ ಬಾಳಿಕೆ ಬರುತ್ತೆ, ಹೋಗು.”

ಬಿಸಿಲಿಗೆಂದೇ ಇಟ್ಟ ವಸ್ತುವಿಗೆ ನೆರಳು ಒಳ್ಳೆಯದು ಹೇಗಾಗುತ್ತದೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಓದಿದವರು ಹೇಳುತ್ತಾರೆ, ಇದ್ದರೂ ಇರಬಹುದು ಎಂದುಕೊಂಡಳು. ಆದರೂ ದಿನಾ ಎರಡು ಗಂಟೆಗೆ ತಾರಸಿ ಹತ್ತಿ ನೋಡುವುದನ್ನು ಬಿಡಲಾಗಲಿಲ್ಲ.

ಮೂರು ತಿಂಗಳಿಗೆ ಲೆಕ್ಕ ಬಂತು. ಕೊನೆಯ ಸಾಲು ಉಳಿದವುಗಳಿಗಿಂತ ತೀರಾ ಕಡಿಮೆ ಕೊಟ್ಟಿತ್ತು. ಪ್ಯಾನೆಲ್ ಹಾಕಿದ ಕಂಪನಿಯಿಂದ ಹರ್ಷಿತ ಎಂಬ ಇಂಜಿನಿಯರ್ ಹುಡುಗಿ ಬಂದು ತಾರಸಿ ನೋಡಿ ಇಳಿದಳು. “ಸಾಲಿನ ಹನ್ನೆರಡೂ ಒಂದಕ್ಕೊಂದು ಪೋಣಿಸಿರೋದು ಸಾರ್. ಒಂದರ ಮೇಲೆ ನೆರಳು ಬಿದ್ರೆ ಇಡೀ ಸಾಲೇ ಕುಗ್ಗುತ್ತೆ” ಎಂದಳು. ಅಶ್ವತ್ಥಮ್ಮ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೂರು ತಿಂಗಳಿಂದ ಅವಳು ತನಗೆ ಮೋಸವಾಯಿತೇನೋ ಎಂದು ಕೊರಗಿದ್ದಳು. ಈಗ ನೋಡಿದರೆ ಮೋಸ ಮಾಡಿದವಳೇ ಅವಳು ಎನ್ನುವ ಹಾಗಾಗಿತ್ತು.

“ನಿನ್ನಿಂದ ನಮ್ ಸಾಲೇ ಮುಳುಗೋಯ್ತಲ್ಲ ಅಶ್ವತ್ಥಮ್ಮ” ಎಂದು ಆನಂದ್ ಮೇಷ್ಟ್ರು ಎಲ್ಲರೆದುರೇ ಅಂದರು.

ಹಣ ಸಮನಾಗಿ ಹಂಚುವುದು ಎಂದು ಪ್ರಿನ್ಸಿಪಾಲರು ಮೊದಲ ದಿನವೇ ಹೇಳಿದ್ದರು. ನಂಬರು ಬಂದ ಮೇಲೆ ಅದು ಒಬ್ಬರಿಗೂ ನೆನಪಿರಲಿಲ್ಲ. ಅಶ್ವತ್ಥಮ್ಮನ ಪ್ಯಾನೆಲ್ ಬೇರೆಯವರ ಕರೆಂಟು ತಿನ್ನುತ್ತದೆ ಎಂಬ ಮಾತು ಸಂಜೆಯೊಳಗೆ ಕ್ಯಾಂಟೀನು ಮುಟ್ಟಿತು. ತಾನೇನು ಟ್ಯಾಂಕು ಕಟ್ಟಿಸಿದೆನೇ, ಸೂರ್ಯನಿಗೆ ಈ ಕಡೆ ಇಳಿ ಎಂದೆನೇ ಎಂದು ಅವಳಿಗೆ ಅಳು ಬಂತು. ಹತ್ತು ಸಾವಿರ ಹೋದರೆ ಹೋಗಲಿ ಎನ್ನುವಷ್ಟು ಸಿರಿವಂತಳೇನಲ್ಲ ಅವಳು; ಆದರೂ ಅವಳನ್ನು ಹೆಚ್ಚು ಕಾಡಿದ್ದು ಬೋರ್ಡು. ಪಟ್ಟಿಯಿಂದ ಹೆಸರು ಹೋದರೆ, ಆ ಹಳೆಯ ಪಟ್ಟಿಯ ಪಿನ್ನು ಕೀಳುವ ಕೆಲಸವೂ ಅವಳ ಪಾಲಿಗೇ ಬರುತ್ತಿತ್ತು.

ಶನಿವಾರ ಪಾಲುದಾರರ ಸಭೆ. ಕುರ್ಚಿ ಹಾಕಿದವಳು ಅಶ್ವತ್ಥಮ್ಮ. ಕಡೆಯದೊಂದನ್ನು ತನಗೆಂದು ಹಾಕಿಯೂ, ಕೂರಬೇಕೋ ಟೀ ಕೊಡಬೇಕೋ ಗೊತ್ತಾಗದೆ ಗೋಡೆಗೆ ಆತು ನಿಂತಳು. “ಅಮ್ಮಾ, ನೀವೂ ಪಾಲುದಾರರಲ್ವಾ, ಕೂತ್ಕೊಳ್ಳಿ” ಎಂದು ಹರ್ಷಿತ ಹೇಳಿದ ಮೇಲೆ ಕುರ್ಚಿಯ ತುದಿಗೆ ಕೂತಳು.

“ಆ ಒಂದನ್ನ ಕಿತ್ತುಬಿಡೋಣ ಸಾರ್” ಎಂದಳು ಹರ್ಷಿತ. “ನೂರಿಪ್ಪತ್ತೂ ಸೇರಿ ಕೊಡೋದಕ್ಕಿಂತ ಉಳಿದ ನೂರಾ ಹತ್ತೊಂಬತ್ತೇ ಜಾಸ್ತಿ ಕೊಡ್ತವೆ. ನನ್ನ ಪ್ಲಾನ್‌ನಲ್ಲಿ ಆ ಜಾಗ ಖಾಲಿನೇ ಬಿಟ್ಟಿದ್ದೆ. ಆಮೇಲೆ ನಿಮ್ಮ ಆಫೀಸಿಂದಾನೇ ಒಂದು ಸೇರಿಸಿ ಅಂತ ಪತ್ರ ಬಂತು.”

ಎಲ್ಲರೂ ಮುನಿಸ್ವಾಮಿಯ ಕಡೆ ತಿರುಗಿದರು. “ಹನ್ನೆರಡು ಲಕ್ಷ ತುಂಬಬೇಕಿತ್ತಲ್ಲ ಸಾರ್, ಒಂದು ನಂಬರ್ ಕಡಿಮೆ ಬಿತ್ತು” ಎಂದು ಅವನು ಕೈಲಿದ್ದ ಫೈಲು ತಿರುವಿದ. ತನಗೇ ಅಂತ ಇಟ್ಟದ್ದಲ್ಲ, ಲೆಕ್ಕ ತುಂಬಿಸಲು ಸೇರಿಸಿ ಯಾರಿಗೂ ಬೇಡವಾಗಿ ಉಳಿದದ್ದು ಎಂದು ಅಶ್ವತ್ಥಮ್ಮನಿಗೆ ಆಗ ಗೊತ್ತಾಯಿತು. ಅವಳಿಗೆ ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಯಿತು, ಯಾಕೆಂದು ಅವಳಿಗೇ ತಿಳಿಯಲಿಲ್ಲ.

“ಹೋಗ್ಲಿ ಬಿಡಿ, ಅವಳ ದುಡ್ಡು ಅವಳಿಗೆ ಕೊಟ್ಟು ಲೆಕ್ಕ ಮುಗಿಸಿ” ಎಂದರು ಆನಂದ್ ಮೇಷ್ಟ್ರು. ಮುನಿಸ್ವಾಮಿ ಕಾಯುತ್ತಿದ್ದವನಂತೆ ಚೆಕ್ಕು ತೆಗೆದು, ಪಾಲು ಬಿಟ್ಟುಕೊಟ್ಟೆನೆಂದು ಸಹಿ ಹಾಕಬೇಕಾದ ಕಾಗದದ ಜೊತೆ ಅಶ್ವತ್ಥಮ್ಮನ ಮುಂದಿಟ್ಟ.

ಹರ್ಷಿತ ತಡೆದಳು. ದುಡ್ಡು ಕಟ್ಟಿದಾಗ ಪ್ರತಿ ಪಾಲುದಾರರಿಗೂ ಕೊಟ್ಟಿದ್ದ ಬಾಂಡು ಇಂಗ್ಲಿಷಿನಲ್ಲಿತ್ತು, ಅವಳು ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿದಳು. ಇಡೀ ತಾರಸಿಯ ಕರೆಂಟಿನಲ್ಲಿ ನೂರಿಪ್ಪತ್ತು ಸಮಪಾಲು, ಅಷ್ಟೇ. ಇಂಥ ಪ್ಯಾನೆಲ್ ಇಂಥವರದು ಎಂದು ಎಲ್ಲೂ ಬರೆದಿಲ್ಲ. ಜನ ತಂತಮ್ಮ ಬ್ಯಾಗಿನಿಂದ ಬಾಂಡು ತೆಗೆದು ಹಿಂದೆ ಮುಂದೆ ತಿರುಗಿಸಿ ನಂಬರು ಹುಡುಕಿದರು. ಯಾರ ಬಾಂಡಿನಲ್ಲೂ ಇರಲಿಲ್ಲ.

“ಹಾಗಾದ್ರೆ ನನ್ನ ಹದಿನೆಂಟು?” ಎಂದರು ಚೈತ್ರ ಮೇಡಂ.

“ಎಲ್ಲರದೂ ಮೇಡಂ.”

“ಅಶ್ವತ್ಥಮ್ಮಂದೂನಾ?”

“ಹೂಂ, ಅವರದೂನೂ.”

ಸಭೆಯಲ್ಲಿ ಗುಜುಗುಜು ಎದ್ದಿತು. ಮುನಿಸ್ವಾಮಿ ಬಗ್ಗಿ, ತಗ್ಗಿದ ದನಿಯಲ್ಲಿ ಹೇಳಿದ. “ಇವೆಲ್ಲ ನಿಂಗ್ ತಿಳಿಯಲ್ಲ ಕಣಮ್ಮ. ಸುಮ್ನೆ ಸಹಿ ಹಾಕಿ ದುಡ್ಡು ತಗೋ.”

ನಿಜವಾಗಿಯೂ ಅವಳಿಗೆ ತಿಳಿದಿರಲಿಲ್ಲ. ಒಂದು ಕಿತ್ತರೆ ಜಾಸ್ತಿ ಬರುವುದು ಹೇಗೆ, ಒಬ್ಬೊಬ್ಬರದೂ ಎಲ್ಲರದಾಗುವುದು ಹೇಗೆ, ಒಂದೂ ತಲೆಗೆ ಹತ್ತಿರಲಿಲ್ಲ. ಚೆಕ್ಕನ್ನು ನೋಡಿದಳು. ಪಾಪಕ್ಕನ ಚೀಟಿ, ಗಂಡನ ಮುಖ ಎಲ್ಲ ನೆನಪಾಯಿತು. ಕೈ ಒಂದು ಸಲ ಪೆನ್ನಿನ ಕಡೆ ಹೋಯಿತು. ಆಮೇಲೆ ಎದ್ದು ನಿಂತಳು.

“ಪ್ಯಾನೆಲ್ ಕೀಳ್ಸಿ ಸಾರ್. ನನ್ನೆಸ್ರು ಕೀಳ್ಬ್ಯಾಡಿ.”

“ಪ್ಯಾನೆಲ್ಲೇ ಇಲ್ಲದೆ ಹೆಸರಿಟ್ಕೊಂಡು ಏನ್ಮಾಡ್ತೀಯಾ?” ಎಂದರು ಆನಂದ್ ಮೇಷ್ಟ್ರು.

ಅಶ್ವತ್ಥಮ್ಮ ಅವರ ಕೈಯಲ್ಲಿದ್ದ ಬಾಂಡಿನತ್ತ ನೋಡಿದಳು. ಜಗಳಕ್ಕೆ ಹೇಳಿದ್ದಲ್ಲ ಅವಳು, ಗೊತ್ತಾಗದೆಯೇ ಕೇಳಿದ್ದು.

“ನಿಮ್ದರಾಗೂ ನಂಬರಿಲ್ವಲ್ಲ ಸಾರ್. ನೀವೇನ್ ಮಾಡ್ತೀರಿ ಯೋಳಿ, ನಾನೂ ಅದ್ನೇ ಮಾಡ್ತೀನಿ.”

ಆನಂದ್ ಮೇಷ್ಟ್ರು ಬಾಂಡನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಮುನಿಸ್ವಾಮಿ ಚೆಕ್ಕನ್ನು ಎತ್ತಿ ಫೈಲಿನೊಳಗೆ ಸೇರಿಸಿದ. ಅಶ್ವತ್ಥಮ್ಮ ತಾನು ಗೆದ್ದೆನೋ ಸೋತೆನೋ ತಿಳಿಯದೆ ಮತ್ತೆ ಕುರ್ಚಿಯಲ್ಲಿ ಕೂತಳು, ಈ ಸಲ ಪೂರ್ತಿ ಹಿಂದಕ್ಕೆ ಒರಗಿ.