ಭಂಡಾರದ ಕೆಳಗಿನ ಬೋಲ್ಟ್

ಕಳೆದ ಫೆಬ್ರುವರಿಯ ಎರಡನೇ ಮಂಗಳವಾರ ಮಧ್ಯಾಹ್ನ, ಬೈಲಹೊಂಗಲದ ನಮ್ಮ ಹಿತ್ತಲಲ್ಲಿ ನಿಂತಿದ್ದ ಏರ್ ಕಂಪ್ರೆಸರಿನ ಟಾಂಕಿಗೆ ಸೇಫ್ಟಿ ವಾಲ್ವ್ ಇಲ್ಲವೆಂಬುದು ಗೊತ್ತಾಯಿತು. ಅದಕ್ಕೂ ಮೊದಲು ಹದಿನಾಲ್ಕು ತಿಂಗಳು ಅಣ್ಣ ಅದೇ ಟಾಂಕಿಗೆ ಬೆನ್ನು ಕೊಟ್ಟು, ಅದರ ನೆರಳಲ್ಲಿ ಕೂತು ಬುತ್ತಿ ಉಂಡಿದ್ದ.

ಹಳೆಯ ಬೋರ್‌ವೆಲ್ಲುಗಳಿಗೆ ಒತ್ತಡದ ಗಾಳಿ ಬಿಟ್ಟು ಹೂಳು ತೆಗೆಯುವುದು ಅಣ್ಣನ ಕೆಲಸ. ಟ್ರ್ಯಾಕ್ಟರಿಗೆ ಜೋಡಿಸಿದ ಆ ಕಂಪ್ರೆಸರನ್ನು ರಾಮದುರ್ಗದ ಒಬ್ಬರಿಂದ ಸೆಕೆಂಡ್‌ಹ್ಯಾಂಡ್ ತಂದಿದ್ದ. ಬರುವ ದಾರಿಯಲ್ಲಿ ಸವದತ್ತಿಯ ಗುಡ್ಡದ ಕೆಳಗೆ ನಿಲ್ಲಿಸಿ ಟಾಂಕಿಗೆ ಎಲ್ಲಮ್ಮನ ಭಂಡಾರ, ಅಂದರೆ ಪ್ರಸಾದದ ಅರಿಸಿನ ಪುಡಿ, ಹಚ್ಚಿದ್ದ. ಹಳೆಯ ಮಾಲೀಕರೂ ಹಚ್ಚಿದ್ದರು. ಮೇಲೆ ಪ್ರತಿ ಅಮಾವಾಸ್ಯೆಗೆ ಎಣ್ಣೆ, ಕುಂಕುಮ. ಹಚ್ಚಿದ್ದನ್ನು ನಮ್ಮಲ್ಲಿ ಯಾರೂ ಒರೆಸುವುದಿಲ್ಲ. ಟಾಂಕಿಯ ನೆತ್ತಿಯಲ್ಲಿ ಮುಷ್ಟಿ ಗಾತ್ರದ ಹಳದಿ ಗಡ್ಡೆ ಕಟ್ಟಿತ್ತು. ಸೇಫ್ಟಿ ವಾಲ್ವ್ ಅದರೊಳಗೆ ಇದೆಯೆಂದು ತಿಳಿದಿದ್ದೆವು.

ಮೊದಲೇ ಕಡಿಮೆಯಿದ್ದ ಗಾಳಿಯ ಜೋರು ಚಳಿಗಾಲದಲ್ಲಿ ಇನ್ನಷ್ಟು ಇಳಿಯಿತು. ಮೀಟರಿನ ಮುಳ್ಳು ಅರ್ಧ ದಾಟುತ್ತಿರಲಿಲ್ಲ. ಆ ಮಂಗಳವಾರ ದೊಡವಾಡದ ಮಿಸ್ತ್ರಿ ಬಂದು, ಟಾಂಕಿಗೆ ಗಾಳಿ ತುಂಬುವ ಪಂಪಿನ ಹೆಡ್ ಬಿಚ್ಚಿದ. ಒಳಗಿನ ವಾಲ್ವ್ ಪ್ಲೇಟುಗಳು ಉಗುರಿನಷ್ಟು ತೆಳುವಾಗಿದ್ದವು; ಸೀಲುಗಳು ಒಣಮೆಣಸಿನಕಾಯಿಯಂತೆ ಕೈಯಲ್ಲೇ ಮುರಿದವು. ಎಲ್ಲವನ್ನೂ ಬದಲಿಸಿದ. ಬೋಲ್ಟುಗಳನ್ನು ಎತ್ತಿ ಕೊಡುವುದು ನನ್ನ ಪಾಲಿಗಿತ್ತು.

"ಈ ಗಡ್ಡಿ ಒಮ್ಮೆ ಕೆರದು ನೋಡೂಣು," ಎಂದ ಮಿಸ್ತ್ರಿ.

"ಅದನ್ನ ಮುಟ್ಟಬ್ಯಾಡ್ರಿ. ತಾಯಿ ಭಂಡಾರ ಅದು," ಎಂದ ಅಣ್ಣ.

"ಆತು ಬಿಡ್ರಿ ಧಣಿ. ಮ್ಯಾಲಿಂದು ಆಕಿ ನೋಡ್ಕೊಳ್ಳಿ, ಒಳಗಿಂದು ನಾ ನೋಡ್ತೇನಿ."

ಪರೀಕ್ಷೆಗೆಂದು ಗಾಳಿಯ ಹೊರದಾರಿ ಮುಚ್ಚಿದರು. ಅಣ್ಣ ಟ್ರ್ಯಾಕ್ಟರ್ ಚಾಲೂ ಮಾಡಿ ಇಳಿದು, ಎಂದಿನ ಹಾಗೆ ಟಾಂಕಿಗೆ ಬೆನ್ನು ಹಚ್ಚಿ ನಿಂತ. ಮುಳ್ಳು ಅರ್ಧ ದಾಟಿತು.

"ಮುದುಕಗ ದಮ್ಮು ಬಂತು ನೋಡ್ರಿ," ಎಂದು ಅಣ್ಣ ನಕ್ಕ.

ಮುಳ್ಳು ಕೆಂಪು ಗೆರೆ ಮುಟ್ಟಿ, ದಾಟಿತು. ಅಷ್ಟರಲ್ಲಿ ಸೇಫ್ಟಿ ವಾಲ್ವ್ ತಾನಾಗಿ ತೆರೆದು, ಟಾಂಕಿ ಸಿಡಿಯದಂತೆ ಹೆಚ್ಚಿನ ಗಾಳಿಯನ್ನು ಹೊರಬಿಡಬೇಕಿತ್ತು. ಬಿಡಲಿಲ್ಲ. ಮಿಸ್ತ್ರಿ ಅಣ್ಣನನ್ನು ತೋಳು ಹಿಡಿದು ಎಳೆದು, ಎಂಜಿನ್ ಆರಿಸಿದ.

"ಗ್ವಾಡಿ ಹಿಂದ ಹೋಗ್ರಿ, ಇಬ್ರೂ."

ಟಾಂಕಿಯ ಬುಡದ ನಲ್ಲಿ ತೆರೆದು ಗಾಳಿ ಬಿಟ್ಟ. ಮುಳ್ಳು ಸೊನ್ನೆಗೆ ಬರುವ ತನಕ ಕಾದ. ಆಮೇಲೆ ಅಣ್ಣನನ್ನು ಕೇಳದೆ ಗಡ್ಡೆಗೆ ಉಳಿ ಹಚ್ಚಿದ. ಹಳದಿ ಹೆಂಟೆ ಕಳಚಿ ಬಿತ್ತು. ವಾಲ್ವ್ ಇರಬೇಕಾದ ತೂತಿಗೆ ಒಂದು ಬೋಲ್ಟ್ ಬಿಗಿದಿತ್ತು.

ಅಣ್ಣ ರಾಮದುರ್ಗಕ್ಕೆ ಫೋನ್ ಹಚ್ಚಿ ವಾಲ್ವ್ ಏನಾಯಿತೆಂದು ಕೇಳಿದ.

"ಅದು ಸದಾ ಸುಂಯ್ ಅಂತ ಗಾಳಿ ಬಿಡತಿತ್ರಿ, ಬಂದ್ ಮಾಡಿಸಿದೆ," ಎಂದರು ಹಳೆಯ ಮಾಲೀಕರು. "ಯಾಕ, ಏನರ ಆತೇನು?"

ಅಣ್ಣ ಫೋನ್ ಇಟ್ಟು ಮಿಸ್ತ್ರಿಯ ಕಡೆ ತಿರುಗಿದ. "ಇಷ್ಟ್ ದಿನ ಹೆಂಗ ಉಳದೇನಿ ನಾ?"

ಮಿಸ್ತ್ರಿ ನೆಲದ ಮೇಲಿದ್ದ ಹಳೆಯ ಪ್ಲೇಟು, ಸೀಲುಗಳನ್ನು ತೋರಿಸಿದ. "ಇವು ಸೋರತಿದ್ದು, ಟಾಂಕ್ಯಾಗ ಗಾಳಿ ಏರತಿರಲಿಲ್ಲ, ಅದಕ್ಕ. ಇವತ್ತ ಆ ಸೋರೂದನ್ನ ನಾನ ನಿಲ್ಲಿಸಿದ್ದೆ."

ಮೂರನೆಯ ದಿನ ಹುಬ್ಬಳ್ಳಿಯಿಂದ ಹೊಸ ಸೇಫ್ಟಿ ವಾಲ್ವ್ ಬಂತು. ಮಷಿನ್ ಈಗ ಕಿತ್ತೂರಿನ ಕಡೆ ಕೆಲಸದಲ್ಲಿದೆ. ಅಣ್ಣ ಭಂಡಾರವನ್ನು ಟ್ರ್ಯಾಕ್ಟರಿನ ಮೂತಿಗೆ ಹಚ್ಚುತ್ತಾನೆ. ಬುತ್ತಿಯನ್ನು ಮಷಿನ್ನಿನಿಂದ ದೂರ, ಹೊಲದ ಬದುವಿನ ಮೇಲೆ, ಬಿಸಿಲಲ್ಲೇ ಬಿಚ್ಚುತ್ತಾನೆ.