ಪೇಸ್ಯಮ್ಮ ಬೇಡವೆಂದ ಕೊಸರು

ಹೈಫಾದ ಕೆಳಪೇಟೆಯಲ್ಲಿ ಪೇಸ್ಯಾ ಲಿಪ್ಮನ್ ಜೊತೆ ಚೌಕಾಸಿ ಮಾಡಿ ಗೆದ್ದ ಅಂಗಡಿಯವನು ಇನ್ನೂ ಹುಟ್ಟಿಲ್ಲ. ಪೇಸ್ಯಮ್ಮ ಪ್ಯಾಂಟಿನ ಉದ್ದ ಕಡಿಮೆ ಮಾಡಿ, ಕೆಟ್ಟ ಜಿಪ್ಪು ಬದಲಾಯಿಸಿಕೊಟ್ಟು ಒಂಟಿಯಾಗಿ ಬದುಕಿದವರು. ನನ್ನ ದಿನಸಿ ಅಂಗಡಿಯಲ್ಲಿ ಅವರಿಗೆ ಒಂದು ತುಂಡು ಉಪ್ಪುಮೀನು ಮಾರುವಷ್ಟರಲ್ಲಿ, ನಮ್ಮಪ್ಪ ಬಾಗ್ದಾದಿನಿಂದ ಹೊತ್ತು ತಂದ ವ್ಯಾಪಾರಬುದ್ಧಿಯೆಲ್ಲ ನನಗೆ ಖರ್ಚಾಗಿಹೋಗುತ್ತಿತ್ತು. ಅವರು ಬಂದರೆಂದರೆ ಬೆಲೆಯನ್ನು ಮೊದಲೇ ಏರಿಸಿ ಹೇಳುತ್ತಿದ್ದೆ. ಇಳಿಸುವುದು ಹೇಗೂ ಇದ್ದದ್ದೇ. ಇಳಿಸಿದ ಮೇಲೂ ಚೀಲದ ಬಾಯಿ ಬಿಡಿಸಿ ಹಿಡಿದು "ಕೊಸರು?" ಅನ್ನುವರು. ನಿಂಬೆಹಣ್ಣೋ ಒಂದು ಹಿಡಿ ಆಲಿವ್ ಕಾಯೋ ಬೀಳುವ ತನಕ ಆ ಬಾಯಿ ಮುಚ್ಚುತ್ತಿರಲಿಲ್ಲ.

ಹಿಟ್ಲರನ ಕಾಲದಲ್ಲಿ ಕೊಂದುಹಾಕಿದ ನಮ್ಮ ಯೆಹೂದಿ ಜನರನ್ನು ನೆನೆಯುವ ದಿನದ ಹಿಂದಿನ ಸಂಜೆ, ಸತ್ತವರ ಹೆಸರಲ್ಲಿ ಹಚ್ಚುವ ಮೇಣದ ಬತ್ತಿ ಕೊಳ್ಳಲು ಬರುವರು. ಅಪ್ಪನಿಗೊಂದು, ಅಮ್ಮನಿಗೊಂದು. ಅದಕ್ಕೂ ಚೌಕಾಸಿ.

"ಪೇಸ್ಯಮ್ಮ, ಸತ್ತವರ ಬತ್ತಿಗೂ ಜಗ್ಗಾಟವೇ?" ಎಂದು ಒಮ್ಮೆ ಕೆಣಕಿದೆ.

"ನಮ್ಮಪ್ಪ ನಿನಗಿಂತ ಒಳ್ಳೆ ವ್ಯಾಪಾರಿ ಕಣೋ ಸಾಲೆಹ್. ಹೇಳಿದ ಬೆಲೆ ಕೊಟ್ಟರೆ ಅವನಿಗೇ ಬೇಜಾರಾಗುತ್ತೆ."

ಮರುದಿನ ಬೆಳಿಗ್ಗೆ ಹತ್ತಕ್ಕೆ ಸತ್ತವರ ನೆನಪಿಗೆ ಸೈರನ್ ಕೂಗುತ್ತದೆ. ಬಸ್ಸು ನಡುರಸ್ತೆಯಲ್ಲಿ ನಿಲ್ಲುತ್ತದೆ, ಜನ ಇಳಿದು ತಲೆ ತಗ್ಗಿಸುತ್ತಾರೆ, ತಕ್ಕಡಿ ಹಿಡಿದವನ ಕೈ ಹಿಡಿದಲ್ಲೇ ನಿಲ್ಲುತ್ತದೆ. ಎರಡು ನಿಮಿಷ ಇಡೀ ದೇಶ ಕದಲುವುದಿಲ್ಲ, ಪೇಸ್ಯಮ್ಮ ಒಬ್ಬರನ್ನು ಬಿಟ್ಟು. ಸೈರನ್ ಶುರುವಾದದ್ದೇ ಅವರು ಬೀದಿಗಿಳಿದು ನಿಂತವರ ನಡುವೆ ಬಿರಬಿರನೆ ನಡೆಯುವರು. ಯಾವ ನೆಂಟರನ್ನೂ ಆ ಕಾಲದಲ್ಲಿ ಕಳೆದುಕೊಳ್ಳದ ನಾವು ಗೂಟದ ಹಾಗೆ ನಿಂತಿರುತ್ತಿದ್ದೆವು. ಎಲ್ಲರನ್ನೂ ಕಳೆದುಕೊಂಡವರಿಗೆ ನಿಲ್ಲಲು ಪುರುಸೊತ್ತಿಲ್ಲ. ಒಮ್ಮೆ ಪಕ್ಕದ ಮೀನಿನ ಅಂಗಡಿಯ ಮೆನಾಶೆಗೆ ತಡೆಯಲಾಗಲಿಲ್ಲ.

"ದೇಶವೇ ನಿಂತಿದೆ, ನಿಮಗೇನು ಬಸ್ಸು ತಪ್ಪುತ್ತಾ?" ಎಂದು ಸೈರನ್ ಮುಗಿದ ಮೇಲೆ ಅಡ್ಡಗಟ್ಟಿ ಕೇಳಿದ.

"ನೀನು ನಿಲ್ಲೋದು ನಮ್ಮಂಥೋರಿಗೋಸ್ಕರ ತಾನೆ? ನಿಂತ್ಕೊ," ಎಂದು ಪೇಸ್ಯಮ್ಮ ಅವನನ್ನು ದಾಟಿಹೋದರು.

ಒಂದು ವರ್ಷ ನನ್ನ ಹೆಂಡತಿ ಫೊರ್ಟುನಾ ಎಡವಟ್ಟು ಮಾಡಿದಳು. ಪೇಸ್ಯಮ್ಮನಿಗೆ ಹಿರ್ಷ್ಕೆ ಎಂಬ ತಮ್ಮನಿದ್ದ ಎಂದು ಯಾವಾಗಲೋ ಕೇಳಿದ್ದಳು. ಪಾಪ, ಅವನಿಗೂ ಇರಲಿ ಎಂದು ನಿಂಬೆಹಣ್ಣಿನ ಬದಲು ಇನ್ನೊಂದು ಬತ್ತಿಯನ್ನೇ ಕೊಸರು ಹಾಕಿ ಕಳಿಸಿದಳು. ಮೆಟ್ಟಿಲಿಳಿದವರು ಚೀಲ ನೋಡಿ ವಾಪಸು ಬಂದರು. ಬತ್ತಿಯನ್ನು ತಕ್ಕಡಿಯಲ್ಲಿಟ್ಟರು.

"ಅವನು ಸತ್ತದ್ದನ್ನ ನೀನು ನೋಡಿದ್ಯೇನೇ?"

ಫೊರ್ಟುನಾ ಬತ್ತಿಯನ್ನು ತಕ್ಕಡಿಯಿಂದ ಎತ್ತಿಕೊಂಡಳು.

"ನಾನೂ ನೋಡಿಲ್ಲ. ನೋಡದೆ ಇರೋ ಸಾವಿಗೆ ಬತ್ತಿ ಹಚ್ಚಿದರೆ, ಅವನನ್ನ ಕೊಂದವಳು ನಾನೇ ಆಗ್ತೀನಿ."

ಆಮೇಲೆ ಸಕ್ಕರೆ ಮೂಟೆಯ ಮೇಲೆ ಕೂತು ಹೇಳಿದರು. ಪೋಲೆಂಡಿನ ಒಂದು ರೈಲ್ವೆ ನಿಲ್ದಾಣ. ಅಪ್ಪ ಅಮ್ಮನನ್ನು ಊರಿನಲ್ಲೇ, ಇವರ ಕಣ್ಣೆದುರೇ ಗುಂಡಿಟ್ಟು ಮುಗಿಸಿದ್ದರು. ಜೊತೆಗಿದ್ದವನು ಒಂಬತ್ತು ವರ್ಷದ ಹಿರ್ಷ್ಕೆ, ಬಾಯಾರಿ ಅಳುತ್ತಿದ್ದ. ನೀರು ತರುತ್ತೇನೆ, ಬರುವ ತನಕ ಕದಲಬೇಡ ಎಂದು ಕಂಬದ ಪಕ್ಕ ನಿಲ್ಲಿಸಿ ಹೋದರು. ನೀರು ಸಿಗುವ ಮುಂಚೆಯೇ ಸಿಪಾಯಿಗಳು ಜನರನ್ನು ಬಡಿದು ಗೂಡ್ಸ್ ಡಬ್ಬಿಗಳಿಗೆ ತುಂಬಿದರು. ಇವರ ಡಬ್ಬಿಯಲ್ಲಿ ಅವನಿರಲಿಲ್ಲ.

"ಹೇಳಿದ ಮಾತು ಮೀರೋ ಹುಡುಗ ಅಲ್ಲ," ಎಂದರು. "ಎಲ್ಲೋ ನಿಂತಿರ್ತಾನೆ."

ತಮ್ಮನ ಎಡಹುಬ್ಬಿನ ನಡುವೆ ಕೂದಲಿಲ್ಲದ ಗಾಯದ ಗೆರೆ, ಅದೊಂದೇ ಗುರುತು. ಓಡಾಡುವ ಜನರ ಹುಬ್ಬು ಯಾರಿಗೆ ಕಾಣುತ್ತದೆ? ವರ್ಷಕ್ಕೊಮ್ಮೆ, ಆ ಎರಡು ನಿಮಿಷ ಮಾತ್ರ, ಗಂಡಸರೆಲ್ಲ ಕದಲದೆ ನಿಲ್ಲುತ್ತಾರೆ, ಒಬ್ಬೊಬ್ಬರ ಹುಬ್ಬು ನೋಡುತ್ತಾ ಹೋಗಬಹುದು. ಒಂದು ವರ್ಷ ಈ ಬೀದಿ, ಇನ್ನೊಂದು ವರ್ಷ ಬಂದರಿನ ಬೀದಿ.

ಕತ್ತರಿಸಲು ಎತ್ತಿದ ಮೀನನ್ನು ಕೈಯಲ್ಲೇ ಹಿಡಿದು ಮೆನಾಶೆ ನಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಮುಂದಿನ ವರ್ಷದಿಂದ ಸೈರನ್ ಕೂಗಿದಾಗ ತಲೆ ತಗ್ಗಿಸುವುದನ್ನು ಬಿಟ್ಟ. ಟೋಪಿ ತೆಗೆದು, ಹುಬ್ಬು ಕಾಣುವಂತೆ ಮುಖ ಎತ್ತಿ ನಿಲ್ಲುತ್ತಿದ್ದ. ಅವನು ಹುಟ್ಟಿದ್ದೇ ಯುದ್ಧ ಮುಗಿದು ಎಷ್ಟೋ ವರ್ಷಕ್ಕೆ, ಕತ್ತೆ.

ವರ್ಷಗಳು ಕಳೆದಂತೆ ಪೇಸ್ಯಮ್ಮ ನೋಡುವ ಮುಖಗಳಿಗೂ ವಯಸ್ಸಾಯಿತು. ಮೊದಲು ಯುವಕರು, ಆಮೇಲೆ ಬೋಳುತಲೆಯವರು, ಆಮೇಲೆ ಬೆಂಚು ಹಿಡಿದು ನಿಲ್ಲುವ ಮುದುಕರು. ಮುದುಕರೂ ಒಬ್ಬೊಬ್ಬರಾಗಿ ಬೀದಿಗೆ ಬರುವುದು ನಿಂತಿತು.

ಹೋದ ಸಲ ಕೋಲೂರಿಕೊಂಡು ಬಂದರು. ಸೈರನ್ ಕೂಗಿತು. ನಡುರಸ್ತೆಯಲ್ಲಿ ಆ ಕಡೆ ನೋಡಿದರು, ಈ ಕಡೆ ನೋಡಿದರು. ಬೀದಿ ತುಂಬ ಹುಡುಗರು. ಹಿರ್ಷ್ಕೆಯ ಪ್ರಾಯದವನು ಒಬ್ಬನೂ ಇಲ್ಲ. ಪೇಸ್ಯಮ್ಮ ಕೋಲನ್ನು ನೆಟ್ಟಗೆ ಹಿಡಿದು ನಿಂತುಬಿಟ್ಟರು, ನಮ್ಮೆಲ್ಲರ ಹಾಗೆ.

ಸೈರನ್ ಇಳಿಯಿತು, ಜನ ನಡೆದರು, ಬಸ್ಸು ಹಾರ್ನ್ ಹೊಡೆಯಿತು. ಅವರು ಇನ್ನೂ ನಿಂತೇ ಇದ್ದರು. ಆಮೇಲೆ ನಿಧಾನವಾಗಿ ಅಂಗಡಿಗೆ ಬಂದರು.

"ಇನ್ನೊಂದು ಬತ್ತಿ ಕೊಡು," ಎಂದರು. "ಕೊಸರು ಬೇಡ. ಬೆಲೆ ಹೇಳು."

ಬಾಯಿಗೆ ಅಭ್ಯಾಸ, ಏರಿಸಿಯೇ ಹೇಳಿಬಿಟ್ಟೆ. ಪೇಸ್ಯಮ್ಮ ಹೇಳಿದಷ್ಟನ್ನೂ ಕೊಟ್ಟು ಹೋದರು.